ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ?

ಶ್ರೀಮಾನ್ ಎ.ಐ. ಚಿಪ್ ಸಾಹೇಬರ ಸನ್ನಿಧಿಗೆ,

ವಿಜಯಪುರದ ಮಗ್ಗುಲಿನ ಇಟ್ಟಂಗಿಹಾಳದಿಂದ ದ್ರಾಕ್ಷಿ ಬೆಳೆಗಾರನೊಬ್ಬನ ಶರಣು ಶರಣಾರ್ಥಿ. ತಮಗೆ ಮೈಬಿಸಿ ವಿಪರೀತವಾಗಿ, ಫ್ಯಾನಿನ ಗಾಳಿ ಸಾಲದೆ, ಈಗ ದ್ರವೋಪಚಾರ ನಡೆದಿದೆಯೆಂದು ಕೇಳಿ ಕಳವಳವಾಯಿತು. ತಮ್ಮ ವಂಶದ 72 ಜನ ಒಂದೇ ಕಪಾಟಿನಲ್ಲಿ ಕೂತರೆ ಸುಮಾರು 120 ಕಿಲೋವ್ಯಾಟ್ ಕರೆಂಟು ಬೇಕಂತೆ. ನಮ್ಮ ಲೆಕ್ಕದಲ್ಲಿ ಅದು 5 ಎಚ್.ಪಿ.ಯ ಮೂವತ್ತಕ್ಕೂ ಹೆಚ್ಚು ಬೋರಿನ ಮೋಟಾರು. ನಮ್ಮ ಮೋಟಾರು ತಿಂದ ಕರೆಂಟಿಗೆ ನೀರಾದರೂ ಮೇಲೆ ಬರುತ್ತದೆ. ತಾವು ತಿಂದದ್ದು ವಿದ್ವತ್ತನ್ನು ದಾಟಿ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬೀಳುತ್ತದೆ.

ತಮ್ಮ ಕಂಪನಿಯವರು ಈ ದ್ರವದ ಉಪಚಾರವನ್ನು ಹೊಸ ಶೋಧ ಎಂದರೆ ಒಪ್ಪಬೇಡಿ. 1985ರ ಕ್ರೇ-2 ಸೂಪರ್‌ಕಂಪ್ಯೂಟರಿನ ಸರ್ಕ್ಯೂಟುಗಳು ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ಅಷ್ಟು ದೂರ ಯಾಕೆ, ನಮ್ಮ ಹೊಲದ ಬದುವಿನಲ್ಲಿ ನಿಂತ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ನೋಡಿ. ಹೊಟ್ಟೆ ತುಂಬ ಎಣ್ಣೆ, ಆಚೀಚೆ ಪಕ್ಕೆಲುಬಿನಂಥ ತಗಡು. ಸುರುಳಿಯ ಬಿಸಿಗೆ ಎಣ್ಣೆ ಮೇಲೇರುತ್ತದೆ, ತಗಡಿನೊಳಗೆ ಗಾಳಿಗೆ ಆರಿ ಕೆಳಗಿಳಿಯುತ್ತದೆ. ಪಂಪಿಲ್ಲ, ಫ್ಯಾನಿಲ್ಲ, ಸಾಫ್ಟ್‌ವೇರ್ ಇಲ್ಲ. ಇದನ್ನೇ ತಾವು ಇಂಗ್ಲಿಷಿನಲ್ಲಿ ಇಮ್ಮರ್ಷನ್ ಕೂಲಿಂಗ್ ಅಂದರೆ ಸಮ್ಮೇಳನ ನಡೆಯುತ್ತದೆ. ನಮ್ಮ ಟಿ.ಸಿ. ಸುಟ್ಟರೆ ಅರ್ಜಿ ಬರೆಯುವುದು ಮಾತ್ರ ನಡೆಯುತ್ತದೆ.

ಇನ್ನು ಬೋರಿನೊಳಗಿನ ಮೋಟಾರು. ಅದು ನೀರಲ್ಲೇ ಹುಟ್ಟಿ ನೀರಲ್ಲೇ ದುಡಿಯುವ ಜೀವ. ತಾನು ಎತ್ತುವ ನೀರೇ ಮೈಸವರಿ ಅದನ್ನು ತಂಪಿಡುತ್ತದೆ. ಏಪ್ರಿಲ್‌ನಲ್ಲಿ ನೀರು ಕೆಳಗೆ ಸರಿದರೆ ಮೋಟಾರಿನ ವೈಂಡಿಂಗು ಸುಡುತ್ತದೆ. ಹೀಗಾಗಿ ತಂಪಿಗೆ ನೀರನ್ನೇ ನಂಬಿದವನ ಪಾಡು ನಮಗೆ ರಿವೈಂಡಿಂಗ್ ಬಿಲ್ಲಿನಲ್ಲಿ ಗೊತ್ತು.

ನೀರು ಒಳ್ಳೆಯ ಕೂಲಿಯಾಳು, ಒಪ್ಪುತ್ತೇನೆ. ಅಷ್ಟೇ ಗಾತ್ರದ ಗಾಳಿಗಿಂತ ಸುಮಾರು 3,500 ಪಟ್ಟು ಶಾಖ ಹೊರುತ್ತದೆ.  ಆದರೆ ಹೊತ್ತ ಶಾಖವನ್ನು ನೀರು ನುಂಗುವುದಿಲ್ಲ, ಎಲ್ಲಿಯೋ ಇಳಿಸಬೇಕು. ಚಿಪ್ಪಿನ ಮೇಲಿನ ತಾಮ್ರದ ತಟ್ಟೆಯಲ್ಲಿ ಸುತ್ತುವ ನೀರು ಅದೇ ಅದೇ ನೀರು, ಖರ್ಚಾಗುವುದಿಲ್ಲ. ಕಂಪನಿಯ ಕರಪತ್ರ ಇಲ್ಲಿಗೆ ಮುಗಿಯುತ್ತದೆ. ಅದರಾಚೆ ಹೊರಗಡೆ ಕೂಲಿಂಗ್ ಟವರ್ ಇದ್ದರೆ ಅಲ್ಲಿ ನೀರು ಆವಿಯಾಗಲೇಬೇಕು. ಒಂದು ಯೂನಿಟ್ ಕರೆಂಟಿನ ಶಾಖಕ್ಕೆ ಸುಮಾರು ಒಂದೂವರೆ ಲೀಟರ್. ಒಂದೇ ಮೆಗಾವ್ಯಾಟಿನ ಡೇಟಾ ಕೇಂದ್ರವೆಂದರೂ ದಿನಕ್ಕೆ 36,000 ಲೀಟರ್, ಅಂದರೆ 5,000 ಲೀಟರಿನ ಏಳಕ್ಕೂ ಹೆಚ್ಚು ಟ್ಯಾಂಕರ್. ಬೇಸಿಗೆಯಲ್ಲಿ ಬಳ್ಳಿ ಉಳಿಸಲು ನಾವು ದುಡ್ಡು ಕೊಟ್ಟು ಹಾಕಿಸುವುದೂ ಅದೇ ಟ್ಯಾಂಕರ್. ತಾವು ತಿನ್ನುವ ಕರೆಂಟಿನ ಬಾಯಾರಿಕೆ ಬೇರೆ: ನಮ್ಮ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ ಕುಡಿಯುವುದು ಆಲಮಟ್ಟಿಯ ಕೃಷ್ಣೆಯನ್ನೇ.

ತಾವು ಇನ್ನೂ ಇತ್ತ ಕಾಲಿಟ್ಟಿಲ್ಲ, ನಿಜ. ಆದರೆ ಬಿಸಿಲು, ಗಾಳಿಯಂತ್ರ, ಬಯಲುಭೂಮಿ ಇದ್ದ ಕಡೆ ತಮ್ಮಂಥವರ ಕಣ್ಣು ಇವತ್ತಲ್ಲ ನಾಳೆ ಬಿದ್ದೇ ಬೀಳುತ್ತದೆ. ಬನ್ನಿ, ಬೇಡವೆನ್ನಲಾರೆವು. ಮೊದಲು ಕರಾರು ಕೇಳಿ.

ಒಂದು, ಟವರ್ ಬೇಡ, ಗಾಳಿಯಿಂದಲೇ ಆರಿಸುವ ರೇಡಿಯೇಟರ್ ಇಡಿ. 45 ಡಿಗ್ರಿಯ ನೀರಿನಿಂದಲೇ ತಂಪಾಗುವ ಚಿಪ್ಪುಗಳು ಬಂದಿವೆಯಲ್ಲ. ಮೇ ತಿಂಗಳಲ್ಲಿ ನಮ್ಮ ಗಾಳಿಯೇ 40 ದಾಟಿದಾಗ ಆ ಲೆಕ್ಕ ಬಿಗಿಯಾಗುತ್ತದೆ; ಆಗ ಮಧ್ಯಾಹ್ನ ತುಸು ನಿಧಾನ ಯೋಚಿಸಿ. ನಾವೂ ಆ ಹೊತ್ತು ಗಿಡದ ನೆರಳಲ್ಲಿರುತ್ತೇವೆ.

ಎರಡು, ಮಣ್ಣಲ್ಲಿ ಕರಗದೆ ಉಳಿಯುವ ಫ್ಲೋರಿನ್ ದ್ರವ ತರಬೇಡಿ. ಅಂಥ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಯೊಳಗೆ ನಿಲ್ಲಿಸುವುದಾಗಿ 3ಎಂ ಕಂಪನಿಯೇ 2022ರಲ್ಲಿ ಸಾರಿತ್ತು. ಮಾಡಿದವರಿಗೇ ಬೇಡವಾದದ್ದು ನಮಗೇಕೆ?

ಮೂರು, ಶಾಖ ನಮಗೆ ಕೊಡಿ. ಮ್ಯೂನಿಕ್ ಹತ್ತಿರದ ಸೂಪರ್‌ಮಕ್ ಎಂಬ ಸೂಪರ್‌ಕಂಪ್ಯೂಟರ್ 2012ರಿಂದ ತನ್ನ ಬಿಸಿಯಲ್ಲಿ ಕಟ್ಟಡ ಬೆಚ್ಚಗಿಟ್ಟಿತು. ನಮಗೆ ಮನೆ ಕಾಯಿಸುವ ದರ್ದಿಲ್ಲ, ಆದರೆ ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್ಡುಗಳಿವೆ. ಡಿಪ್ಪಿಂಗ್ ಆಯಿಲ್ ಹೊಡೆದು ಬಲೆಯ ಮೇಲೆ ಹರವಿದ ದ್ರಾಕ್ಷಿಗೆ ಎರಡು ವಾರ ಒಣಗಾಳಿ ಬೇಕು. ನಡುವೆ ಅಕಾಲಿಕ ಮಳೆ ಬಂದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಅಂಥ ನಾಲ್ಕು ದಿನ ತಮ್ಮ ಬಿಸಿ ನಮ್ಮ ಶೆಡ್ಡಿಗೆ ಬಂದರೆ, ತಮ್ಮ ವಿದ್ವತ್ತಿನಿಂದ ಊರಿಗೆ ಕಣ್ಣಿಗೆ ಕಾಣುವ ಉಪಕಾರ ಒಂದಾದರೂ ಆದೀತು.

ಕಡೆಯದು: ತಮ್ಮ ಅರ್ಜಿಯಲ್ಲಿ ಮೆಗಾವ್ಯಾಟ್ ಎಷ್ಟೆಂದು ದಪ್ಪಕ್ಷರದಲ್ಲಿರುತ್ತದೆ. ಲೀಟರ್ ಎಷ್ಟೆಂಬುದನ್ನೂ ಅದೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ, ಪಂಚಾಯಿತಿ ಗೋಡೆಗೆ ಅಂಟಿಸಿ.

ಇತಿ ತಮ್ಮ ವಿಧೇಯ,
ಬೋರು ಬತ್ತಿದ ರೈತ