12345654321: ಒಂದು ಬಹುಆಯಾಮಿ ಪುನರವಲೋಕನ

ಪ್ರಸ್ತುತ ಪ್ರಬಂಧವು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂಬ ಸಂಖ್ಯೆಯನ್ನು ಅಸ್ತಿತ್ವಾತ್ಮಕ, ಸಂಕಥನಾತ್ಮಕ ಹಾಗೂ ಉತ್ತರ-ಅಂಕಗಣಿತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುವ ವಿನಮ್ರ ಯತ್ನ. ಮುಖಾಮುಖಿ ಎಂದೆನೇ ಹೊರತು ಲೆಕ್ಕ ಎನ್ನಲಿಲ್ಲ. ವಿದ್ವಾಂಸರು ಲೆಕ್ಕ ಮಾಡುವುದು ಟಿ.ಎ., ಡಿ.ಎ. ಬಿಲ್ಲಿನಲ್ಲಿ ಮಾತ್ರ.

ಸದರಿ ಸಂಖ್ಯೆಯ ಗುಣಗಳು ಹದಿನಾಲ್ಕು ಬಗೆ.

ಮೊದಲನೆಯದು ಆರೋಹಣಾವರೋಹಣ ಪ್ರಜ್ಞೆ. ಒಂದರಿಂದ ಹೊರಟ ಸಂಖ್ಯೆ ಆರರ ತನಕ ಏರಿ, ಅಲ್ಲಿ ನಿಲ್ಲಲಾಗದ ತಲ್ಲಣದಲ್ಲಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಹಿಂದಿನಿಂದ ಓದಿದರೂ ಅಷ್ಟೇ; ಇದು ‘ದ್ವಿಮುಖ ಪಠ್ಯತ್ವ’. (ನಮ್ಮ ಮನೆಯ ಕಿಟಕಿಗೂ ಈ ಗುಣವಿದೆ. ಅದಕ್ಕೆ ಯಾರೂ ಪಿಎಚ್.ಡಿ. ಕೊಟ್ಟಿಲ್ಲ.)

ಎರಡನೆಯದು ವರ್ಗಪ್ರಜ್ಞೆ. ಆರು ಬಡ ಒಂದುಗಳು ಒಗ್ಗಟ್ಟಾಗಿ ತಮ್ಮನ್ನು ತಾವೇ ಗುಣಿಸಿಕೊಂಡಾಗ, ಅಂದರೆ 111111ರ ವರ್ಗವಾಗಿ, ಈ ಸಂಖ್ಯೆ ಹುಟ್ಟುತ್ತದೆ. ಅಂಕಿಗಳ ಮೊತ್ತ 36, ಅದೂ ಒಂದು ವರ್ಗವೇ. 3, 7, 11, 13, 37 ಇದರ ಅವಿಭಾಜ್ಯ ಅಪವರ್ತನಗಳು, ಪ್ರತಿಯೊಂದೂ ಎರಡೆರಡು ಸಲ. ಹಾಗಾಗಿ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 243.

ಮೂರರಿಂದ ಹದಿನಾಲ್ಕರವರೆಗಿನವನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಸುಳ್ಳು, ನನಗೇ ಸಾಕಾಯಿತು.

ಹೋದ ವರ್ಷ ಗಣಿತಜ್ಞ ಮಹಾವೀರಾಚಾರ್ಯನ ಬಗ್ಗೆ ಇದೇ ಧಾಟಿಯಲ್ಲಿ ನಡೆದ ಒಂದು ಸಂಕಿರಣದಲ್ಲಿ ಎರಡು ದಿನ ಕೂತಿದ್ದೆ. ಆತನ ‘ಗಣಿತಸಾರಸಂಗ್ರಹ’ದ ಜ್ಞಾನಮೀಮಾಂಸೆ ಬಂತು, ದೇಸೀ ಆಧುನಿಕತೆ ಬಂತು, ಎರಡು ಸಲ ಉಪ್ಪಿಟ್ಟು ಬಂತು. ಆ ಪುಸ್ತಕದ ಒಂದು ಲೆಕ್ಕವೂ ಬರಲಿಲ್ಲ. ಕರಿಹಲಗೆಯಂತೂ ಬ್ಯಾನರಿನ ಹಿಂದೆ ಮುಚ್ಚಿಹೋಗಿತ್ತು.

9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗುಣಾಕಾರ ಕಲಿಯುವವರಿಗೆಂದು ಇಟ್ಟ ಲೆಕ್ಕಗಳವು. 27994681ನ್ನು 441ರಿಂದ ಗುಣಿಸಿ, ನಮ್ಮ ಏರಿಳಿತದ ಸಂಖ್ಯೆಯೇ ಸಿಗುತ್ತದೆ. 142857143ನ್ನು ಏಳರಿಂದ ಗುಣಿಸಿ: ಎರಡು ತುದಿಗೂ ಒಂದೊಂದು ಒಂದು, ನಡುವೆ ಎಂಟು ಸೊನ್ನೆ. ಅದನ್ನು ರಾಜನ ಕೊರಳಿಗೆ ತಕ್ಕ ಹಾರ ಎಂದ ಪುಣ್ಯಾತ್ಮ. ಮಗ್ಗಿ ಬಂದರೆ ಸಾಕು, ಆ ಹಾರ ಯಾರ ಕೈಗಾದರೂ ಸಿಗುತ್ತದೆ. ಇದರ ಮೇಲೆ ಇಷ್ಟು ‘ಆಯಾಮ’ಗಳನ್ನು ಹೇರಿ ಮಕ್ಕಳಿಗೆ ಕಾಣದಂತೆ ಮಾಡಿದಿರಲ್ಲ, ಮಾರಾಯರೇ! ಒಬ್ಬರಾದರೂ ಎದ್ದು ಆ ಬ್ಯಾನರ್ ಸರಿಸಬಾರದಿತ್ತೇ? ನಾನೂ ಏಳಲಿಲ್ಲ.

ಸಂಕಿರಣದ ಫೈಲಿನಲ್ಲಿ ಕೊಟ್ಟಿದ್ದ ಹಾಳೆಗಳು ಖಾಲಿಯೇ ಉಳಿದಿದ್ದವು. ಐದನೇ ಕ್ಲಾಸಿನ ಮೊಮ್ಮಗಳಿಗೆ ಕೊಟ್ಟು, ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸು ಎಂದೆ. ಸಾಲಿನ ಕೆಳಗೆ ಸಾಲು, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆದಳು. ಕೂಡುತ್ತಾ ಪೆನ್ಸಿಲ್ ನಿಲ್ಲಿಸಿ, “ಅಜ್ಜಾ, ದಶಕವೇ ಬರ್ತಿಲ್ಲ! ಮೆಟ್ಲು ಥರಾ ಇದೆ” ಎಂದಳು.

ಏಳು, ಎಂಟು, ಒಂಬತ್ತು ಒಂದುಗಳಿಗೂ ಮೆಟ್ಟಿಲು ಕೆಡಲಿಲ್ಲ. ಹತ್ತಕ್ಕೆ ಹೋದಾಗ ನಟ್ಟನಡುವೆ ಹತ್ತು ಒಂದುಗಳು ಸೇರಿ ದಶಕ ಹೊರಟೇಬಿಟ್ಟಿತು: 1234567900987654321. ಏರುವ ಕಡೆ ಎಂಟು ಕಾಣೆ.

ಅದು ಎಲ್ಲಿ ಹೋಯಿತೆಂದು ಊಟಕ್ಕೆ ಕರೆಯುವ ತನಕ ಹುಡುಕುತ್ತಿದ್ದಳು.