ಗಡಿಯಾರ ಕಂಬ ಮತ್ತು ಬಾಲ್ಯಸ್ಮೃತಿ: ಕೊಪ್ಪಳ ಪೇಟೆಯ ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧದ ಮೂಲ ಪ್ರಮೇಯ ಇಷ್ಟು: ಕೊಪ್ಪಳದ ಜವಾಹರ ರಸ್ತೆಯಲ್ಲಿ ಅಡ್ಡಾಡಿ ಬೆಳೆದ ಹುಡುಗ ವಾಸ್ತವದಲ್ಲಿ ಅಡ್ಡಾಡಿಲ್ಲ, ಆತ ‘ವಾಣಿಜ್ಯಿಕ ಅವಕಾಶದೊಳಗೆ ದೈಹಿಕ ಸಂಕಥನ’ವೊಂದನ್ನು ಕಟ್ಟಿಕೊಂಡಿದ್ದಾನೆ. “ಎಲ್ಲಿ ಹೋಗಿದ್ದೆಲೇ?” ಎಂದು ಅವ್ವ ಗದರಿದಾಗ “ಬಜಾರಕ್ಕ” ಎಂದದ್ದು ಆತನ ಸೈದ್ಧಾಂತಿಕ ಅಪ್ರಬುದ್ಧತೆಗೆ ಸಾಕ್ಷಿ.

ಪೂರ್ವಾಧ್ಯಯನಗಳ ಸಮೀಕ್ಷೆ. ಕೊಪ್ಪಳದ ಬಗೆಗಿನ ಯಾವ ಭಾಷಣವೂ ಕ್ರಿ.ಪೂ. 3ನೇ ಶತಮಾನಕ್ಕಿಂತ ಈಚೆಗೆ ಶುರುವಾಗುವಂತಿಲ್ಲ. ಮೊದಲು ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನ. ಅಲ್ಲಿಂದ ಸಾವಿರ ವರ್ಷ ಹಾರಿದರೆ ‘ಕವಿರಾಜಮಾರ್ಗ’ ಹೆಸರಿಸುವ ಕೊಪಣ ನಗರ, ಜೈನರ ಬಸದಿಗಳು. ಮತ್ತೆ ಹಾರಿದರೆ 1786ರಲ್ಲಿ ಟಿಪ್ಪು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ ಕೋಟೆ, 1790ರ ಮುತ್ತಿಗೆ, 1858ರಲ್ಲಿ ಅದೇ ಕೋಟೆ ಹಿಡಿದು ಮಡಿದ ಮುಂಡರಗಿ ಭೀಮರಾಯ. ಅಷ್ಟೊತ್ತಿಗೆ ಸಂಕಿರಣಕ್ಕೆ ಊಟದ ವಿರಾಮ. ಸಾಲಾರಜಂಗರ ಜಹಗೀರು, 1948ರ ವಿಮೋಚನೆ ಎರಡೂ ಕೈತೊಳೆಯುವ ನಲ್ಲಿಯ ಮುಂದೆ ಮುಗಿಯುತ್ತವೆ. ಅದರಾಚೆಗೆ ಊರಲ್ಲಿ ಯಾರೂ ಬದುಕಿರಲಿಲ್ಲ ಎಂದೇ ತಿಳಿಯಬೇಕು.

ವರ್ಗೀಕರಣ. ಪೇಟೆಯ ಬಾಲ್ಯಸ್ಮೃತಿಗಳು ಐದು ವಿಧ.

ಒಂದನೆಯದು ಘ್ರಾಣಜನ್ಯ. ಸಂಜೆ ಬಾಣಲೆಯಿಂದೇಳುವ ಮಿರ್ಚಿಯ ವಾಸನೆ, ಪಕ್ಕದಲ್ಲಿ ಕಲಸುತ್ತಿರುವ ಮಂಡಕ್ಕಿ ಒಗ್ಗರಣಿ. ಇದನ್ನು ‘ತೈಲಮಾಧ್ಯಮ ಸಾಮುದಾಯಿಕತೆ’ ಎನ್ನತಕ್ಕದ್ದು. ಜೇಬಿನಲ್ಲಿ ರೊಕ್ಕವಿಲ್ಲದೆ ವಾಸನೆಯಷ್ಟನ್ನೇ ಉಂಡವರಿಗೆ ಪ್ರತ್ಯೇಕ ಉಪವರ್ಗ.

ಎರಡನೆಯದು ಕಾಲಜನ್ಯ. “ಗಡಿಯಾರ ಕಂಬದ ಹತ್ರ ನಿಂದರು, ಬರ್ತೀನಿ” ಎಂಬ ವಾಕ್ಯದಲ್ಲಿ ಗಡಿಯಾರಕ್ಕೆ ಯಾವ ಕೆಲಸವೂ ಇಲ್ಲ. ಹೇಳಿದವನು ತಾಸು ತಡವಾಗಿ ಬರುತ್ತಾನೆ, ನಿಂತವನು ತಲೆಯೆತ್ತಿ ನೋಡುವುದಿಲ್ಲ. ‘ಕಾಲದ ಸ್ಥಳೀಕರಣ’ಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು.

ಮೂರನೆಯದು ಆಡಳಿತಜನ್ಯ. ವಿಳಾಸದ ಕೊನೆಗೆ ‘ಜಿಲ್ಲಾ ರಾಯಚೂರು’ ಎಂದು ಬರೆದು ಪಳಗಿದ ಕೈಗೆ 1997ರಲ್ಲಿ ಕೊಪ್ಪಳವೇ ಜಿಲ್ಲೆಯಾದದ್ದನ್ನು ತಿಳಿಸಲು ಕೆಲಕಾಲ ಹಿಡಿಯಿತು.

ನಾಲ್ಕು ಮತ್ತು ಐದೂ ಇವೆ. ಇರಲಿ.

ತೌಲನಿಕ ಅಧ್ಯಯನವೂ ನಿಯಮದಂತೆ ಬೇಕು. ಗಂಗಾವತಿಯ ಪೇಟೆಯ ದತ್ತಾಂಶ ಭತ್ತದ ಲಾರಿಗಳ ಹಿಂದೆ ಸಿಕ್ಕಿಕೊಂಡಿದೆ. ಕುಷ್ಟಗಿಯ ಸಂತೆಗೆ ರಾಜವಂಶದ ಬೆಂಬಲವಿಲ್ಲವಾಗಿ ಅದನ್ನು ಕೈಬಿಡಲಾಗಿದೆ. ಯಲಬುರ್ಗಾದ ಕಷ್ಟವೇ ಬೇರೆ: ಅದು ಸಿಂದರ ರಾಜಧಾನಿ ಎರಂಬರಗೆ. ಒಮ್ಮೆ ಸಿಂದರು ವೇದಿಕೆ ಹತ್ತಿದರೆಂದರೆ ಅಲ್ಲಿ ಬುಗುರಿ ಆಡಿದವರ ಮಾತಿಗೆ ಸಮಯ ಉಳಿಯುವುದಿಲ್ಲ.

ಕಾನೂನಿನ ದೃಷ್ಟಿ ಇನ್ನೂ ಖಚಿತ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಸ್ಮಾರಕವೆನಿಸಿಕೊಳ್ಳಲು ಕನಿಷ್ಠ 100 ವರ್ಷ ತುಂಬಿರಬೇಕು. 1975ರಲ್ಲಿ ಬರೆಸಿದ ಅಂಗಡಿಯ ಬೋರ್ಡು 2075ರಲ್ಲಿ ಅರ್ಜಿ ಹಾಕಬಹುದು. ಅದನ್ನು ಕೂಡಿಸಿ ಕೂಡಿಸಿ ಓದಿ ಅಕ್ಷರ ಕಲಿತ ಹುಡುಗ ಅಷ್ಟೊತ್ತಿಗೆ ತಾನೇ ಉತ್ಖನನಕ್ಕೆ ಸಿದ್ಧನಾಗಿರುತ್ತಾನೆ.

ಈ ಪರಿಭಾಷೆ ಇನ್ನು ಸಾಕು. ಹಲಗೆ ಬಾಗಿಲಿನ ಅಂಗಡಿ ಕೆಡವಿ ಗಾಜಿನ ಕಾಂಪ್ಲೆಕ್ಸ್ ಎಬ್ಬಿಸುವಾಗ ಒಂದು ಫೋಟೊ ತೆಗೆದಿಡಲು ಯಾವ ರಾಜವಂಶದ ಅಪ್ಪಣೆ ಬೇಕಿತ್ತು? ಬಳೆ ತೊಡಿಸುವವರು ಎಲ್ಲಿ ಕೂರುತ್ತಿದ್ದರು, ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಯಿಂದ ರೊಟ್ಟಿ ಗಂಟು ಹೊತ್ತು ಬಂದವರು ಯಾವ ಕಟ್ಟೆಯ ಮೇಲೆ ದಣಿವಾರಿಸಿಕೊಂಡರು, ಕಿನ್ನಾಳದ ಬಣ್ಣದ ಬೊಂಬೆಗೆ ಮಕ್ಕಳು ಎಲ್ಲಿ ನಿಂತು ಹಟ ಹಿಡಿದರು? ಇದನ್ನು ಬರೆದಿಡದವರು ‘ಸಾಂಸ್ಕೃತಿಕ ಸ್ಮೃತಿ’ಯ ಮೇಲೆ ಮೂವತ್ತು ಪುಟ ಓದುತ್ತಾರೆ. ಕೇಳಿಸಿಕೊಳ್ಳಲು ಶಾಲು ಹೊದ್ದ ಇನ್ನೊಬ್ಬರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

1931ರಲ್ಲಿ ಬೆಳಕಿಗೆ ಬಂದ ಆ ಅಶೋಕ ಶಾಸನ ದೊಡ್ಡವರ ಜೊತೆ ಸಣ್ಣವರನ್ನೂ ಉದ್ದೇಶಿಸಿದ್ದು. ಚಕ್ರವರ್ತಿಗೆ ಸಣ್ಣ ಮನುಷ್ಯರ ನೆನಪಿತ್ತು. ಆತನ ಮೇಲೆ ಭಾಷಣ ಮಾಡುವವರಿಗೆ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಒಂದು ಉದ್ದನೆಯ ಹಾಳೆ, ಪೆನ್ಸಿಲ್ಲು, ಹಳೆ ಅಂಗಡಿಕಾರರ ಪಕ್ಕ ಕೂರುವಷ್ಟು ಬಿಡುವು. ಯಾವ ಅಂಗಡಿ ಯಾರದಿತ್ತು, ಅದಕ್ಕೂ ಮುಂಚೆ ಅಲ್ಲೇನಿತ್ತು ಎಂದು ಅವರು ಎಡಬಲ ಎಣಿಸಿ ಹೇಳುತ್ತಾರೆ, ತಪ್ಪಿದರೆ ಪಕ್ಕದವರು ತಿದ್ದುತ್ತಾರೆ. ಇದಕ್ಕೆ ಸೈದ್ಧಾಂತಿಕ ಚೌಕಟ್ಟಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಬರಲಿ.