ಸ್ವಯಂಚರಗಣ ಲಕ್ಷಣ, ಅಥವಾ ಹಿಂದೆ ಸರಿಯಬೇಕಾದವರು ಯಾರು ಎಂಬ ವಿಚಾರ

ಯಜಮಾನ ಎದುರಿಗಿಲ್ಲದಾಗಲೂ ಕೆಲಸ ಮಾಡುತ್ತ, ದಾರಿ ತಾನೇ ನೋಡಿಕೊಂಡು ಓಡಾಡುವುದು ಸ್ವಯಂಚರ. ಅಂಥವು ಹಲವು ಒಂದೇ ಜಾಗದಲ್ಲಿ ಸೇರಿದರೆ ಅದು ಗಣ. ಗಣವನ್ನು ನಡೆಸುವವನು ಗಣಪ. ಅವನಿಗೆ ಸಂಬಳ ಹೆಚ್ಚು, ನಿದ್ದೆ ಕಡಿಮೆ. ಇಲ್ಲಿ ಈ ಶಾಸ್ತ್ರವನ್ನು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನಿರೂಪಿಸಲಾಗಿದೆ. ಅಮೆಜಾನ್ ಇರುವ ಸಿಯಾಟಲ್ ಬಿಟ್ಟು ಹಾವೇರಿ ಜಿಲ್ಲೆಗೆ ಯಾಕೆ ಬಂದಿರಿ ಎನ್ನುವ ಪೂರ್ವಪಕ್ಷಿಗೆ ಉತ್ತರ ಮುಂದಿದೆ, ಸ್ವಲ್ಪ ತಡೆದುಕೊಳ್ಳಲಿ.

ಮೊದಲನೆಯ ಜಾತಿ ಗೆರೆಗಾಮಿ. ನೆಲದ ಮೇಲೆ ಬರೆದ ಗುರುತು ಹಿಡಿದು ಹೋಗುತ್ತದೆ. ಕಾಲಿಗೆ ಏನಾದರೂ ಅಡ್ಡ ಬಂದರೆ ನಿಲ್ಲುತ್ತದೆ, ಯಾರಾದರೂ ಬಂದು ತೆಗೆಯುವವರೆಗೂ ನಿಂತೇ ಇರುತ್ತದೆ. ಸರ್ಕಾರಿ ಕಡತದ ಸ್ವಭಾವ. 2019ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನ ತನ್ನ ವಿಂಗಡಣಾ ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ಇಂಥವನ್ನು ಇಳಿಸಿತು. ತಲೆಯ ಮೇಲೆ ಪೊಟ್ಟಣ ಹೊತ್ತು, ಪಿನ್ ಕೋಡ್ ಪ್ರಕಾರ ಆಯಾ ಊರಿನ ಕಿಂಡಿಗೆ ಹಾಕಿ ಬರುವುದು ಇವುಗಳ ಕಾಯಕ. ಇವುಗಳ ಕಣ್ಣಿಗೆ ಹಾನಗಲ್ ಎಂದರೆ 581104, ಹಿರೇಕೆರೂರು 581111, ಸವಣೂರು 581118, ಶಿಗ್ಗಾವಿ 581205. ಹಾನಗಲ್ಲಿನ ತಾರಕೇಶ್ವರ ಗುಡಿಯ ಗೊಡವೆ ಇವುಗಳಿಗಿಲ್ಲ.

ಎರಡನೆಯದು ಸ್ವೈರಗಾಮಿ. ಲೇಸರ್ ಬೆಳಕು ಚೆಲ್ಲಿ, ಅದು ತಿರುಗಿ ಬರುವ ಹೊತ್ತು ಅಳೆದು, ಸುತ್ತಲಿನ ನಕ್ಷೆ ತಾನೇ ಬರೆದುಕೊಳ್ಳುತ್ತದೆ. ಅಡ್ಡ ಬಂದದ್ದನ್ನು ಬಳಸಿ ಹೋಗುತ್ತದೆ. ಇದರ ಗುಣ ಬುದ್ಧಿ, ದೋಷವೂ ಅದೇ. ಇಬ್ಬರು ಬುದ್ಧಿವಂತರು ಒಂದು ಬಾಗಿಲಲ್ಲಿ ಎದುರಾದಾಗ ಇಬ್ಬರೂ ಒಂದೇ ಮಗ್ಗುಲಿಗೆ ಸರಿದು, ಮತ್ತೆ ಇಬ್ಬರೂ ಇನ್ನೊಂದಕ್ಕೆ ಸರಿದು, ಯಾರೂ ಒಳಗೆ ಹೋಗದಿರುವುದನ್ನು ಮದುವೆ ಮನೆಗಳಲ್ಲಿ ನೋಡಿದ್ದೇವೆ.

ಮೂರನೆಯದು ಗಗನಗಾಮಿ: ಔಷಧ ಸಿಂಪಡಿಸುವ ಡ್ರೋನ್. 15,000 ಮಹಿಳಾ ಸ್ವಸಹಾಯ ಗುಂಪುಗಳ ಕೈಗೆ ಇದನ್ನು ಕೊಡುವ ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹಾರುವುದು ಅದು, ಆದರೆ ಬದುವಿನ ಮೇಲೆ ತರಬೇತಾದ ಪೈಲಟ್ ನಿಂತೇ ಇರಬೇಕು. ಆದ್ದರಿಂದ ಇದು ಅರ್ಧ ಜಾತಿ, ಮುಂದೆ ಹೋಗೋಣ.

ಈ ಮೂರರಲ್ಲೂ ಸೇರದ್ದು ಕೊಬ್ಬರಿ ಹೋರಿ. ದೀಪಾವಳಿ ಬಂತೆಂದರೆ ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡು, ಹಿಡಿಯಲು ಬಂದವರನ್ನೆಲ್ಲ ತಪ್ಪಿಸಿ ಓಡುತ್ತದೆ. ಪರಿಪೂರ್ಣ ಸ್ವಯಂಚರ, ಯಾರ ಮಾತೂ ಕೇಳುವುದಿಲ್ಲ. ಅಖಾಡದಲ್ಲಿ ಇವನ್ನು ಒಂದಾದ ಮೇಲೊಂದು ಬಿಡುತ್ತಾರೆ, ಗುಂಪಾಗಿ ಅಲ್ಲ. ಸಾಫ್ಟ್‌ವೇರ್ ಕಂಪನಿಗಳು ದುಡ್ಡು ಕೊಟ್ಟು ಕಲಿತ ಸೂತ್ರವೂ ಇದೇ: ಹಿಡಿತಕ್ಕೆ ಸಿಗದ್ದನ್ನು ಒಂದೊಂದಾಗಿ ಬಿಡು.

ಇನ್ನು ಗಣಪರ ಭೇದ. ಏಕಚ್ಛತ್ರ ಗಣಪ ಎಲ್ಲ ಯಂತ್ರಗಳ ದಾರಿಯನ್ನೂ ತಾನೇ ನಿಗದಿ ಮಾಡುತ್ತಾನೆ. ಅವನ ಸರ್ವರ್ ನಿಂತರೆ ಊರೇ ನಿಂತಿತು. ಲಿಲಾವು ಗಣಪ ಕೆಲಸ ಇಂಥದ್ದಿದೆ ಎಂದು ಕೂಗುತ್ತಾನೆ, ಹತ್ತಿರವಿರುವ ಯಂತ್ರ ಕಡಿಮೆ ಖರ್ಚಿಗೆ ಒಪ್ಪಿಕೊಂಡು ಓಡುತ್ತದೆ. ಈ ಎರಡನೆಯ ಪದ್ಧತಿಯನ್ನು ಕಂಪ್ಯೂಟರ್ ವಿಜ್ಞಾನಿ ರೀಡ್ ಸ್ಮಿತ್ 1980ರಲ್ಲಿ ಬರೆದಿಟ್ಟರು. ಸುಗ್ಗಿಯಲ್ಲಿ ಕಟಾವು ಯಂತ್ರಗಳ ಏಜೆಂಟರು ಇದನ್ನು ಎರಡು ಮೊಬೈಲಿನಿಂದ ನಡೆಸುತ್ತಾರೆ, ಜೊತೆಗೆ ಎಲ್ಲ ರೈತರಿಗೂ ‘ನಾಳೆ ಮುಂಜಾನೆ ನಿಮ್ಮಲ್ಲೇ’ ಎನ್ನುತ್ತಾರೆ. ಈ ಅಂಶ ಸ್ಮಿತ್ ಪ್ರಬಂಧದಲ್ಲಿಲ್ಲ.

ಹಾವೇರಿಗೆ ಯಾಕೆ ಬಂದಿರಿ ಎಂದ ಪೂರ್ವಪಕ್ಷಿಗೆ ಉತ್ತರ ಈಗ: ಗಣ ನಡೆಸುವ ವಿದ್ಯೆ ಇಲ್ಲಿ ಹಳೆಯದು. ಒಕ್ಕಲು ಯಂತ್ರಗಳು ಬರುವ ಮುಂಚೆ ಈ ಭಾಗದ ಕಣಗಳಲ್ಲಿ ಹಂತಿ ಕಟ್ಟುತ್ತಿದ್ದರು. ನಡುವೆ ಮೇಟಿ ಕಂಬ, ಅದರ ಸುತ್ತ ಕೊರಳಿಗೆ ಕೊರಳು ಸೇರಿಸಿ ಕಟ್ಟಿದ ಎತ್ತುಗಳ ಸಾಲು, ಕಾಲ ಕೆಳಗೆ ಜೋಳದ ತೆನೆ. ಒಳಗಿನ ಎತ್ತು ಮೇಟಿಯಿಂದ ಎರಡು ಮೊಳ, ಹೊರಗಿನದು ಹತ್ತು ಮೊಳ ದೂರದಲ್ಲಿದ್ದರೆ, ಒಂದು ಸುತ್ತಿಗೆ ಹೊರಗಿನದು ಐದು ಪಟ್ಟು ನಡೆಯಬೇಕು. ಹಾಗಾಗಿ ಮೇಟಿಯ ಪಕ್ಕ ವಯಸ್ಸಾದ ಎತ್ತು, ಹೊರಗೆ ಹರೆಯದ್ದು. ಎಲ್ಲಕ್ಕೂ ಒಂದೇ ವೇಗ ಎಂದಿದ್ದರೆ ಹಂತಿ ಅರ್ಧ ಸುತ್ತಿಗೇ ಗಂಟು ಬೀಳುತ್ತಿತ್ತು. ಹೊಡೆಯುವವನು ಹಂತಿ ಪದ ಹಾಡುತ್ತ ಹಿಂದೆ ನಡೆಯುತ್ತಿದ್ದ. ಯಾವ ಎತ್ತು ಬಾಲ ಎತ್ತಿದರೂ ಕಾಳಿನ ಮೇಲೆ ಸಗಣಿ ಬೀಳುವ ಮೊದಲು ಬುಟ್ಟಿ ಹಿಡಿದು ಓಡಲು ಒಬ್ಬ ಹುಡುಗ. ಈಗ ಇದಕ್ಕೆ ಪ್ರಿಡಿಕ್ಟಿವ್ ಮೇಂಟೆನೆನ್ಸ್ ಎಂದು ಹೆಸರು, ಪ್ರತ್ಯೇಕ ವಿಭಾಗ, ಹವಾನಿಯಂತ್ರಿತ ಕೊಠಡಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ, ಒಳ್ಳೆಯದೇ. ಆದರೆ ಹಂತಿಯನ್ನು ಪೂರ್ತಿ ಜಾನಪದದವರಿಗೆ ಬಿಟ್ಟುಕೊಟ್ಟು ನಮ್ಮ ಎಂಜಿನಿಯರುಗಳು ನಷ್ಟ ಮಾಡಿಕೊಂಡರು ಎಂಬುದು ಈ ಗ್ರಂಥಕರ್ತನ ಮತ.

ಕೊನೆಗೆ ಗಣದ ಮಹಾರೋಗ: ಕಗ್ಗಂಟು. 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಇದಕ್ಕೆ ನಾಲ್ಕು ಕಾರಣ ಕೊಟ್ಟರು. ಅವರು ಹೇಳಿದ್ದು ಕಂಪ್ಯೂಟರುಗಳ ಬಗ್ಗೆ. ನಾವು ಹಾನಗಲ್ ಕಡೆಯ ಹೊಲದ ದಾರಿಗೆ ಹಚ್ಚೋಣ. ಅತ್ತಲಿಂದ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್, ಇತ್ತಲಿಂದ ಖಾಲಿ ಟ್ರ್ಯಾಕ್ಟರ್. ದಾರಿಯಲ್ಲಿ ಒಂದಕ್ಕೇ ಜಾಗ: ಮೊದಲ ಕಾರಣ. ತಾನು ಹಿಡಿದ ಜಾಗ ಬಿಡದೆ ಮುಂದಿನದಕ್ಕೆ ಕಾಯುವುದು: ಎರಡನೆಯದು. ಬಲವಂತವಾಗಿ ಸರಿಸುವಂತಿಲ್ಲ: ಮೂರನೆಯದು. ಅವನು ಇವನಿಗಾಗಿ, ಇವನು ಅವನಿಗಾಗಿ ಕಾಯುವುದು: ನಾಲ್ಕನೆಯದು. ನಾಲ್ಕರಲ್ಲಿ ಒಂದು ಮುರಿದರೂ ಗಂಟು ಬಿಚ್ಚುತ್ತದೆ.

‘ಕಾಕಾ, ಒಂದೀಟ ಹಿಂದ ತಗೋರಿ.’

‘ತುಂಬಿದ ಗಾಡಿ ಐತೋ ತಮ್ಮಾ, ಟ್ರೇಲರ್ ಮುರಕೊಂಡು ಗಟಾರಕ್ಕ ಹೊಕ್ಕತ್ತಿ. ನೀನ ಖಾಲಿ ಅದಿ, ನೀ ತಗೋ.’

ಆ ತಮ್ಮನು ಎಂಜಿನ್ ಬಂದ್ ಮಾಡಿ ಸವಣೂರ ಖಾರದ ಪೊಟ್ಟಣ ಬಿಚ್ಚಿದರೆ ಕಾಫ್‌ಮನ್ ಗೆದ್ದರು. ಗೊಣಗುತ್ತಲೇ ರಿವರ್ಸ್ ಹಾಕಿದರೆ ಕಾಕಾ ಗೆದ್ದರು. ಸಾಮಾನ್ಯವಾಗಿ ಕಾಕಾ ಗೆಲ್ಲುತ್ತಾರೆ. ಖಾಲಿಯದು ತುಂಬಿದ್ದಕ್ಕೆ ದಾರಿ ಬಿಡಬೇಕೆಂಬುದನ್ನು ಈ ದಾರಿಗಳಲ್ಲಿ ಯಾರೂ ಬರೆದು ಹಚ್ಚಿಲ್ಲ. ಗೋದಾಮುಗಳಲ್ಲಿ ಬರೆದೇ ಇಡಬೇಕು, ಯಾಕೆಂದರೆ ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದರ ಭಾಷೆ ತಿಳಿಯದು. ಅದಕ್ಕಾಗಿ ಜರ್ಮನಿಯವರು ವಿಡಿಎ 5050 ಎಂಬ ಒಪ್ಪಂದದ ಭಾಷೆಯನ್ನೇ ಕಟ್ಟಿದರು.

2012ರಲ್ಲಿ 77.5 ಕೋಟಿ ಡಾಲರ್ ಕೊಟ್ಟು ಗೋದಾಮು ರೋಬೋ ತಯಾರಿಸುವ ಕಿವಾ ಕಂಪನಿಯನ್ನು ಕೊಂಡ ಅಮೆಜಾನ್, 2025ರಲ್ಲಿ ತನ್ನ ಹತ್ತು ಲಕ್ಷನೆಯ ರೋಬೋವನ್ನು ಕೆಲಸಕ್ಕಿಳಿಸಿತು. ಆಗಲೇ ಡೀಪ್‌ಫ್ಲೀಟ್ ಎಂಬ ಹೊಸ ಗಣಪನನ್ನೂ ನೇಮಿಸಿ, ಯಂತ್ರಗಳ ಓಡಾಟದ ಸಮಯ ಶೇ 10ರಷ್ಟು ಸುಧಾರಿಸುತ್ತದೆ ಎಂದಿತು. ಅದು ಗಾಲಿಗಳ ವೇಗ ಹೆಚ್ಚಿಸಿ ಬಂದ ಲಾಭವಲ್ಲ. ಯಾರು ಯಾವ ದಾರಿ ಹಿಡಿಯಬೇಕು, ಯಾರು ನಿಲ್ಲಬೇಕು ಎಂದು ಗೊತ್ತುಮಾಡಿ ಬಂದದ್ದು. ಕಾಕಾನಿಗೆ ಯಾರೂ ಡಾಲರ್ ಕೊಟ್ಟಿಲ್ಲ.

ಶಾಸ್ತ್ರವನ್ನು ಪರೀಕ್ಷಿಸಬೇಕೆನ್ನುವ ಓದುಗರು ಗೋವಿನಜೋಳದ ಸುಗ್ಗಿಯಲ್ಲಿ ಈ ಕಡೆ ಬರಬಹುದು. ಹೊಲದ ದಾರಿಯಲ್ಲಿ ತುಂಬಿದ ಟ್ರೇಲರ್ ಎದುರಾದರೆ ವಾದಕ್ಕಿಳಿಯದೆ ನಿಮ್ಮ ಕಾರನ್ನು ನೀವೇ ಹಿಂದೆ ತೆಗೆದುಕೊಳ್ಳಿ.